ಕೆನ್ನೆಯ ನೆಂಟ

ಊಟವಲ್ಲದ್ದನ್ನು ಒಳಗೆ ಬಿಡಬಾರದು ಎಂಬುದು ಬಾಯಿಯ ಮೊದಲ ನಿಯಮ. ಬಸ್ ಕಂಡಕ್ಟರ್ ಮೈಲಾರಪ್ಪನ ಬಾಯಲ್ಲಿ ಅದನ್ನು ಮುರಿಯದವರೇ ಇರಲಿಲ್ಲ.

ಅಂದೂ ಹೆಬ್ಬೆರಳು ಸುಣ್ಣ ಹಚ್ಚಿ ತಿಕ್ಕಿದ ತಂಬಾಕನ್ನು ಕರೆತಂದು, "ಬಾಗಿಲು ತೆಗೀರಿ, ನೆಂಟರು ಬಂದಿದ್ದಾರೆ" ಎಂದಿತು.

"ತೆಗೆಯುವುದಷ್ಟೇ ನಮ್ಮ ಕೆಲಸ" ಎಂದು ತುಟಿಗಳು ತೆರೆದವು.

"ನಾವಂತೂ ಅಗಿಯುವುದಿಲ್ಲ, ನಮಗೇನು ಸಂಬಂಧ?" ಎಂದವು ಕಂದುಗಟ್ಟಿದ ಹಲ್ಲುಗಳು.

"ಐದೇ ನಿಮಿಷ ಕೂತು ಹೋಗ್ತೀನಿ ಅಕ್ಕಾ" ಎಂದು ತಂಬಾಕು ಕೆನ್ನೆಯ ಸಂದಿಯಲ್ಲಿ ಕಾಲು ಚಾಚಿತು.

ನಾಲಿಗೆ ಹೇಳಿತು: "ಕೆನ್ನೆಯಕ್ಕಾ, ಯುಗಾದಿಗೆ ಆದ ನಿನ್ನ ಹುಣ್ಣು ಗಣೇಶನ ಹಬ್ಬ ಬಂದರೂ ವಾಸಿಯಾಗಿಲ್ಲ. ಇವನನ್ನು ಕಳಿಸು."

"ದಿನಾ ಬರುವವರಿಗೆ ಏಳಿ ಅನ್ನೋದು ಹೇಗಪ್ಪಾ? ಹುಣ್ಣು ಸಾರಿನ ಖಾರಕ್ಕೆ ಆಗಿದ್ದು" ಎಂದಿತು ಕೆನ್ನೆ, ನೋವಿಗೆ ಮುದುಡುತ್ತ.

"ಖಾರ ಊಟದ ಜೊತೆ ಬಂದು ಊಟದ ಜೊತೆ ಹೋಗುತ್ತದೆ. ಇವನು ಇಲ್ಲೇ ಮನೆ ಮಾಡಿದ್ದಾನೆ. ನಾಳೆ ನಿನ್ನ ಹುಣ್ಣು ಕ್ಯಾನ್ಸರ್ ಆದರೆ ಆಸ್ಪತ್ರೆಗೆ ಬುತ್ತಿ ತರುತ್ತಾನಾ?"

"ಮೂಳೆಯಿಲ್ಲದವರಿಗೆ ಮಾತು ಜಾಸ್ತಿ" ಎಂದು ಹಲ್ಲುಗಳು ಕಿಸಿದವು.

ನಾಲಿಗೆ ಕೆನ್ನೆಯ ಹುಣ್ಣನ್ನೊಮ್ಮೆ ಮೆಲ್ಲಗೆ ಸವರಿತು.

ಬಸ್ಸು ಸರ್ಕಾರಿ ಆಸ್ಪತ್ರೆಯ ಸ್ಟಾಪಿನಲ್ಲಿ ನಿಂತಿತು. ಜನ ಇಳಿದರು, ಹತ್ತಿದರು. ರೈಟ್ ಹೇಳಲು ಮೈಲಾರಪ್ಪ ಬಾಯಿ ತೆರೆದ. ಆ ಮಾತು ಹೇಳಬೇಕಾದ ನಾಲಿಗೆ ತಂಬಾಕನ್ನು ಅವನ ಅಂಗೈಗೆ ನೂಕಿ, ಚಾಪೆಯ ಹಾಗೆ ಮಲಗಿಬಿಟ್ಟಿತು.

"ರೈಟ್ ಹೇಳೋ ಮೈಲಾರಪ್ಪಾ" ಎಂದು ಡ್ರೈವರ್ ಕೂಗಿದ. ಪ್ರಯಾಣಿಕರೂ ಕೂಗಿದರು. ಮೈಲಾರಪ್ಪ ಇಳಿದು, ಆಸ್ಪತ್ರೆಯ ಮೆಟ್ಟಿಲು ಹತ್ತಿ, ಡಾಕ್ಟರ ಮುಂದೆ ಬಾಯಿ ತೆರೆಯುವವರೆಗೂ ನಾಲಿಗೆ ರೈಟ್ ಹೇಳಲಿಲ್ಲ.