ಗುರುಮಲ್ಲ ಸಾಮಾನು ತಂದದ್ದು

ಹತ್ರ ಬನ್ನಿ, ಕೂತ್ಕೊಳ್ಳಿ. ಮಧ್ಯದಲ್ಲಿ ಬಾಯಿ ಹಾಕೋರು ಯಾರಾದ್ರೂ ಇದ್ರೆ ಈಗಲೇ ಎದ್ದು ಹೋಗಿ. ಆಮೇಲೆ ನನಗೆ ಸಿಟ್ಟು ಬರುತ್ತೆ.

ಕೊಳ್ಳೇಗಾಲದ ಗಾಣದ ಬೀದೀಲಿ ಸಿದ್ದಾಜಮ್ಮ ಅಂತ ಒಬ್ಬ ತಾಯಿ. ಅವಳಿಗೆ ಗುರುಮಲ್ಲ ಅಂತ ಒಬ್ಬನೇ ಮಗ. ಮೂವತ್ತೆರಡು ವರ್ಷ, ಆರಡಿ ಆಳು, ದುಂಡು ಮುಖ. ಹೇಳಿದ ಮಾತು ಒಂದಿಷ್ಟೂ ಮೀರೋನಲ್ಲ. ತೊಂದರೆ ಬಂದಿದ್ದೇ ಅದರಿಂದ. "ಹಾಲು ಉಕ್ಕಿದ್ರೆ ಕರಿಯೋ" ಅಂತ ಹೇಳಿ ಅವಳು ಹಿತ್ತಲಿಗೆ ಹೋದ್ರೆ, ಇವನು ಒಲೆ ಮುಂದೆ ಕಣ್ಣು ಮಿಟುಕಿಸದೆ ಕೂತಿರೋನು. ಹಾಲು ಏರ್ತು, ಸುಮ್ಮನಿದ್ದ. ಅಂಚಿಗೆ ಬಂತು, ಸುಮ್ಮನಿದ್ದ. ಉಕ್ಕಿ ಒಲೆಯೆಲ್ಲ ಆಯ್ತು. ಆಗ, "ಅವ್ವಾ, ಉಕ್ತು!"

"ಅಯ್ಯೋ ನನ್ನ ಕರ್ಮವೇ!" ಅಂತ ಹಣೆ ಚಚ್ಚಿಕೊಳ್ಳೋಳು ಸಿದ್ದಾಜಮ್ಮ.

ಆ ವರ್ಷ ಅವಳಿಗೆ ಮಂಡಿನೋವು ಹಿಡೀತು. ಅಂಗಡಿಗೆ ಹೋಗೋ ಕೆಲಸ ಮಗನ ತಲೆಗೆ ಬಂತು. ಬಸ್ ಸ್ಟ್ಯಾಂಡ್ ಹತ್ರ ಗಾಜಿನ ಬಾಗಿಲಿನ ಸೂಪರ್ ಮಾರ್ಕೆಟ್ ಆದ್ಮೇಲೆ ಬೀದಿಯ ಅರ್ಧ ಜನ ಅಲ್ಲಿಗೇ ಹೋಗ್ತಿದ್ರು. ಇವಳೂ ಹೋಗ್ತಿದ್ಲು.

"ಮಗಾ, ಸೋಪು ತಗೊಂಡು ಬಾ. ಅಲ್ಲಿ ಒಂದು ಕೊಂಡ್ರೆ ಒಂದು ಫ್ರೀ ಅಂತೆ. ನಮಗೆ ಒಂದು ಸೋಪು ಸಾಕು."

ಹೋದ ಗುರುಮಲ್ಲ. ಎರಡು ಸೋಪು ಅಂಟಿಸಿ ಇಟ್ಟಿದ್ರು. ಕಿತ್ತ. ಒಂದನ್ನ ಅಲ್ಲೇ ಇಟ್ಟ, ಇನ್ನೊಂದನ್ನ ಜೇಬಿಗೆ ಹಾಕ್ಕೊಂಡು ಬಾಗಿಲ ಕಡೆ ನಡೆದ.

"ಏಯ್! ಬಿಲ್ ಎಲ್ಲಿ?" ಅಂದ ಬಾಗಿಲಲ್ಲಿದ್ದ ಗಾರ್ಡು.

"ನಾನು ತಗೊಂಡಿರೋದು ಫ್ರೀದು ಕಣಣ್ಣ! ದುಡ್ಡಿನದು ಒಳಗೇ ಬಿಟ್ಟು ಬಂದಿದೀನಿ. ನೀವೇ ಮಡೀಕಳಿ!"

ಹಿಡಿದ್ರು ಕೊರಳಪಟ್ಟಿ. ಹೆಸರೇನು? ಗುರುಮಲ್ಲ. ಮನೆ ಎಲ್ಲಿ? ಅವ್ವ ಇರೋ ಕಡೆ. ಬಾಗಿಲ ಪಕ್ಕ ಸ್ಟೂಲ್ ಹಾಕಿ ಕೂರಿಸಿದ್ರು, ಮೂರು ಗಂಟೆ. ಜನ ಬಂದ್ರು, ಬುಟ್ಟಿ ತಗೊಂಡ್ರು, ಹೋದ್ರು. ನೀನು ಯಾರ ಮಗನಪ್ಪಾ ಅಂತ ಕೇಳಿದೋರು ಒಬ್ಬರಿಲ್ಲ. ಸಿದ್ದಾಜಮ್ಮ ಹುಡುಕಿಕೊಂಡು ಆಟೋದಲ್ಲಿ ಬರೋ ಹೊತ್ತಿಗೆ ಅತ್ತೂ ಅತ್ತೂ ಅವನ ಕಣ್ಣು ಊದಿಹೋಗಿತ್ತು. ಸೋಪಿನ ದುಡ್ಡು ಕೊಟ್ಟು, ಸೆರಗಲ್ಲಿ ಅವನ ಮುಖ ಒರೆಸಿ ಮನೆಗೆ ಕರ್ಕೊಂಡು ಬಂದ್ಲು.

ಸುದ್ದಿ ನರಸೀಪುರದಲ್ಲಿದ್ದ ಅವಳ ಅಣ್ಣ ರಾಚಪ್ಪನಿಗೂ ಮುಟ್ತು. ಫೋನ್ ಮಾಡಿದ.

"ಸಿದ್ದಾಜು, ನೀನು ಎಷ್ಟು ದಿವಸ ಇರ್ತೀಯ? ನಾನು ಎಷ್ಟು ದಿವಸ ಇರ್ತೀನಿ? ಮೈಸೂರಲ್ಲಿ ಇಂಥೋರ್ನ ನೋಡ್ಕೊಳ್ಳೋ ಒಂದು ಆಶ್ರಮ ಇದೆ, ಮಾತಾಡಿದೀನಿ. ದೀಪಾವಳಿಗೆ ಬರ್ತೀನಿ. ಅಷ್ಟರಲ್ಲಿ ಅವನು ಒಬ್ಬನೇ ಹೋಗಿ ಮನೆಗೆ ಬೇಕಾದ್ದು ತರೋದು ಕಲಿತಿದ್ರೆ ಸರಿ. ಇಲ್ಲಾ, ಕರ್ಕೊಂಡು ಹೋಗಿ ಸೇರಿಸಿಬಿಡ್ತೀನಿ."

ಫೋನ್ ಇಟ್ಟಳು. ದೀಪಾವಳಿಗೆ ಒಂದು ತಿಂಗಳಿತ್ತು. ಮಗನ ಮುಖ ನೋಡಿದಳು. ಅವನು ಅಂಗೈಲಿ ಸೋಪು ಮೂಸ್ತಾ ಕೂತಿದ್ದ.

"ಇವತ್ತಿಂದ ಆ ಗಾಜಿನ ಬಾಗಿಲ ಸಹವಾಸ ಬೇಡ! ಎಲ್ಲಾ ನಮ್ಮ ಬೀದೀಲೇ. ನಾಲ್ಕು ಜನಕ್ಕೆ ನೀನು ಯಾರು ಅಂತ ಗೊತ್ತಿರೋ ಕಡೆ. ಕೇಳಿಸ್ತಾ? ಅಂಗಡೀಲಿ ನೀನಾಗಿ ಏನನ್ನೂ ಮುಟ್ಟಬೇಡ. ಬಾಯಿ ಬಿಟ್ಟು ಕೇಳು!"

"ಮುಟ್ಟಲ್ಲ ಕಣವ್ವ!"

ಮಾರನೇ ದಿನ ಬೀದಿ ಕೊನೆಯ ವಸಂತಶೆಟ್ಟರ ಅಂಗಡಿಗೆ ಅರ್ಧ ಕೇಜಿ ತೊಗರಿಬೇಳೆಗೆ ಹೋದ. ಬಾಯಿ ಬಿಟ್ಟು ಕೇಳಿದ. ಶೆಟ್ಟರು ತೂಗಿದ್ರು, ಪೊಟ್ಟಣ ಕಟ್ಟಿದ್ರು, ನೀಡಿದ್ರು. ಗುರುಮಲ್ಲ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡ.

"ಹಿಡಿಯಪ್ಪ."

"ಮುಟ್ಟಬಾರದು!"

"ಯಾಕೋ? ಬೇಳೆ ಕಣೋ, ಹಾವಲ್ಲ!"

"ಅವ್ವ ಹೇಳವ್ಳೆ!"

ಹತ್ತು ಗಂಟೆಗೆ ಹೋದೋನು ಒಂದು ಗಂಟೆಯಾದ್ರೂ ನಿಂತೇ ಇದ್ದ. ಬಂದೋರೆಲ್ಲ ಪಕ್ಕಕ್ಕೆ ಸರಿದು ಸಾಮಾನು ತಗೊಂಡು ಹೋದ್ರು. ಕಡೆಗೆ ಶೆಟ್ಟರೇ ಊಟಕ್ಕೆ ಅಂಗಡಿ ಬಾಗಿಲು ಹಾಕೋ ಮುಂಚೆ, ಚೀಲಕ್ಕೆ ಬೇಳೆ ಹಾಕಿ, ಅದನ್ನ ಅವನ ಕೊರಳಿಗೆ ನೇತು ಹಾಕಿ ಕಳಿಸಿದ್ರು.

"ಅಯ್ಯೋ ಪೆದ್ದೇ!" ಅಂದ್ಲು ಸಿದ್ದಾಜಮ್ಮ. "ಕೊಟ್ಟಿದ್ದನ್ನ ತಗೋಬೇಕು ಕಣೋ! ತಗೊಂಡ್ಮೇಲೂ ಸುಮ್ಮನೆ ಬರಬಾರದು. ಸ್ವಲ್ಪ ಕೊಸರು ಹಾಕಿ ಅಂತ ಕೇಳಬೇಕು. ಪರಿಚಯದೋರು ಇನ್ನೊಂದು ಹಿಡಿ ಜಾಸ್ತಿ ಹಾಕ್ತಾರೆ. ಯಾವ ಅಂಗಡಿಯಾದ್ರೂ ಸರಿ, ಕೇಳು!"

"ಕೇಳ್ತೀನಿ ಕಣವ್ವ!"

ಎರಡು ವಾರ ಬಿಟ್ಟು ಕಟಿಂಗಿಗೆ ಕಳಿಸಿದಳು. ಬೀದಿ ಮಧ್ಯೆ ದೊರೆಸ್ವಾಮಿಯ ಸೆಲೂನು. ಕತ್ತರಿಸಿದ್ದಾಯ್ತು, ಬಟ್ಟೆ ಒದರಿದ್ದಾಯ್ತು. ಗುರುಮಲ್ಲ ಕುರ್ಚಿ ಬಿಟ್ಟು ಏಳಲಿಲ್ಲ.

"ದೊರೆಸ್ವಾಮಣ್ಣ, ಸ್ವಲ್ಪ ಕೊಸರು ಹಾಕಿ."

"ಕಟಿಂಗಿಗೆ ಕೊಸರಾ!"

"ಯಾವ ಅಂಗಡಿಯಾದ್ರೂ ಕೇಳು ಅಂದವ್ಳೆ ಅವ್ವ."

ದೊರೆಸ್ವಾಮಿ ನಕ್ಕೊಂಡು ಕಿವಿ ಹತ್ರ ಇನ್ನೊಂಚೂರು ಕತ್ತರಿಸಿದ. "ಸಾಕಾ?"

"ಇನ್ನೊಂಚೂರು ಹಾಕಣ್ಣ, ಪರಿಚಯದೋರು ನೀವು!"

ಇನ್ನೊಂಚೂರು ಹೋಯ್ತು. ಈ ಕಡೆ ಹೋಯ್ತು, ಆ ಕಡೆ ಸರಿ ಮಾಡೋಕೆ ಹೋಗಿ ಅದೂ ಹೋಯ್ತು. ತಲೆ ನುಣ್ಣಗಾಯ್ತು.

"ಇನ್ನೇನೂ ಉಳಿದಿಲ್ಲ, ನಡಿಯಪ್ಪಾ!"

"ಮೀಸೆ ಅದೆಯಲ್ಲ!"

ಬೀದೀಲಿ ನಡ್ಕೊಂಡು ಬರ್ತಿದ್ರೆ ಕಂಡೋರೆಲ್ಲ ನಿಂತ್ರು. ತಲೇಲಿ ಕೂದಲಿಲ್ಲ, ಮೀಸೆ ಇಲ್ಲ. ಇಬ್ಬರು ಹೆಂಗಸರು ಸೆರಗು ಬಾಯಿಗಿಟ್ಕೊಂಡು ಸಿದ್ದಾಜಮ್ಮನ ಮನೆ ಮುಂದೆ ಬಂದು ನಿಂತ್ರು. ಒಳಗಿಂದ ಸಿದ್ದಾಜಮ್ಮನೇ ಮೊರ ಹಿಡ್ಕೊಂಡು ಹೊರಗೆ ಬಂದ್ಲು. ಅವರು ಹೌಹಾರಿ ಓಡಿಹೋದ್ರು.

"ನಾನಿನ್ನೂ ಬದುಕಿದೀನಿ ಕಣೋ! ಸಾಯೋ ತನಕ ತಡಿಯಕ್ಕಾಗಲಿಲ್ವಾ ನಿಂಗೆ?"

"ಎಲ್ಲಾ ಕೊಸರು ಕಣವ್ವ! ಅವರು ಒಂದು ಪೈಸಾನೂ ಜಾಸ್ತಿ ತಗೊಳ್ಳಿಲ್ಲ!"

"ಕೊಸರು ಮಾತೇ ಎತ್ತಬೇಡ ಇನ್ಮೇಲೆ! ಮೊದಲು ವಸ್ತು ಪರೀಕ್ಷೆ ಮಾಡೋದು ಕಲಿ. ಬೆಂಡೆಕಾಯಿ ತಗೊಳ್ಳೋರು ಏನು ಮಾಡ್ತಾರೆ? ತುದಿ ಮುರೀತಾರೆ. ಪಟ್ ಅಂದ್ರೆ ಎಳೇದು, ಚೀಲಕ್ಕೆ ಹಾಕು. ಮುರೀಲಿಲ್ವಾ, ಬಲಿತದ್ದು, ಬಿಟ್ಟು ಬಾ. ಹಂಗೆ ಪರೀಕ್ಷೆ ಮಾಡಿ ತರಬೇಕು!"

"ಮಾಡ್ತೀನಿ ಕಣವ್ವ!"

ಬೆಂಡೆಕಾಯಿಗೇ ಕಳಿಸಿದ್ರೆ ಕತೆ ಇಲ್ಲಿಗೆ ಮುಗೀತಿತ್ತು. ಕಳಿಸಿದ್ದು ಹಣತೆಗೆ. ದೀಪಾವಳಿಗೆ ಎಂಟು ದಿನ ಇತ್ತು, ಸೆಲೂನಿಂದ ಈಚೆ ತಿರುವಿನಲ್ಲಿ ಚೌಡಮ್ಮ ಗೋಣಿತಾಟು ಹಾಸಿ ಮಣ್ಣಿನ ಹಣತೆ ಹರಡಿಕೊಂಡು ಕೂತಿದ್ಲು. ಗುರುಮಲ್ಲ ಕುಕ್ಕರುಗಾಲಲ್ಲಿ ಕೂತ. ಒಂದು ಹಣತೆ ಎತ್ಕೊಂಡ. ಬತ್ತಿ ಇಡೋ ಮೂತಿ ಇರುತ್ತಲ್ಲ, ಅಲ್ಲಿ ಹಿಡಿದ. ಪಟ್!

"ಎಳೇದು!" ಚೀಲಕ್ಕೆ ಹಾಕಿದ.

ಇನ್ನೊಂದು. ಪಟ್! "ಇದೂ ಎಳೇದು!"

"ಅಯ್ಯಯ್ಯೋ, ಏನೋ ಮಾಡ್ತಿದೀಯ!" ಚೌಡಮ್ಮ ಕಿರುಚಿಕೊಂಡ್ಲು. ಕೈ ಹಿಡಿಯೋ ಹೊತ್ತಿಗೆ ಹದಿನೆಂಟು ಆಗಿತ್ತು. ಮೂರು ಮಾತ್ರ ಮುರೀಲಿಲ್ಲ. ಅವನ್ನ ಗುರುಮಲ್ಲ ವಾಪಸ್ ಇಟ್ಟ. "ಇವು ಬಲಿತೋಗವೆ ಚೌಡಕ್ಕ. ಯಾರೂ ತಗೊಳ್ಳಲ್ಲ, ನೀವೇ ಇಟ್ಕಳಿ."

ಚೌಡಮ್ಮ ಅವನ ಕೈ ಹಿಡಿದು ಮನೆಗೇ ಕರ್ಕೊಂಡು ಬಂದ್ಲು. "ಸಿದ್ದಾಜಕ್ಕ, ನಗಲೋ ಅಳಲೋ ನೀವೇ ಹೇಳಿ!" ಹಂಗಂದು ಆ ಮೂರು ಗಟ್ಟಿ ಹಣತೆ ಜಗಲಿ ಮೇಲಿಟ್ಟು ಹೋದ್ಲು.

ಅವತ್ತು ಸಿದ್ದಾಜಮ್ಮನಿಗೆ ನಿಜವಾಗ್ಲೂ ಭಯ ಆಯ್ತು. ಎಂಟೇ ದಿನ. ಅಣ್ಣ ಆಡಿದ ಮಾತು ಮಾಡೋನೇ. ಆಶ್ರಮದಲ್ಲಿ ಸ್ಟೂಲ್ ಮೇಲೆ ಕೂತು ಅಳ್ತಿರೋ ಮಗ ಕಣ್ಮುಂದೆ ಬಂದ. ಬೈಯದೆ ಅವನ್ನ ಪಕ್ಕದಲ್ಲಿ ಕೂರಿಸ್ಕೊಂಡಳು. ಮೆಲ್ಲಗೆ ಹೇಳಿದಳು:

"ಮಗಾ, ಮುರಿದು ನೋಡಬೇಡ. ಬೆರಳು ಮಡಚಿ ತಟ್ಟಿ ನೋಡು. ಟಣ್ ಅಂದ್ರೆ ಗಟ್ಟಿ. ಬೊದ್ ಅಂದ್ರೆ ಒಳಗೆ ಬಿರುಕು ಬಿಟ್ಟದೆ ಅಂತ. ಬೊದ್ ಅನ್ನೋದನ್ನ ಮನೇಲಿ ಇಟ್ಕೋಬಾರದು. ಅಂಗಡಿಗೆ ವಾಪಸ್ ಕೊಟ್ಟು ಬೇರೇದು ತಗೋ. ನಮ್ಮ ಬೀದಿಯೋರು ಚೀಟಿ ಕೇಳಲ್ಲ, ಯಾಕೆ ಅನ್ನಲ್ಲ, ತಗೋತಾರೆ."

"ತಟ್ತೀನಿ ಕಣವ್ವ!"

ಹಬ್ಬದ ದಿನ ಬೆಳಿಗ್ಗೆಯೇ ರಾಚಪ್ಪ ಬಂದಿಳಿದ. ನಡುಮನೇಲಿ ಚಾಪೆ ಮೇಲೆ ಕೂತ, ಕಾಫಿ ಲೋಟ ತಗೊಂಡ, ಅಳಿಯನ ಬೋಳು ತಲೆ ನೋಡಿದ. ರಾಚಪ್ಪನದೂ ಬೋಳೇ, ಅದು ವಯಸ್ಸಿಂದು.

"ಏನು ಕಲಿತ?"

"ಕಲೀತಾ ಅವ್ನೆ ಅಣ್ಣ..."

"ಕಲೀತಾ ಇದಾನೋ, ಕಲಿತಿದಾನೋ? ಬಟ್ಟೆಬರೆ ಕಟ್ಟಿಡು. ನಾಳೆ ಕರ್ಕೊಂಡು ಹೊರಡ್ತೀನಿ."

ಸಿದ್ದಾಜಮ್ಮ ಅಡಿಗೆಮನೆಗೆ ಹೋಗಿ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗುರುಮಲ್ಲ ಬಾಗಿಲಿಂದ ನೋಡಿದ. ಅವ್ವನ್ನ ನೋಡಿದ, ಮಾವನ್ನ ನೋಡಿದ. ಹತ್ರ ಹೋಗಿ ಬೆರಳು ಮಡಚಿ ಮಾವನ ತಲೆ ಮೇಲೆ ತಟ್ಟಿದ.

ಬೊದ್.

"ಏನೋ ಅದು!"

ಇನ್ನೊಂದು ಸಲ ತಟ್ಟಿ ಕಿವಿಗೊಟ್ಟ. ಬೊದ್ದೇ. "ಮಾವ, ಶೆಟ್ಟರ ಅಂಗಡಿಗೆ ಹೋಗಣ, ಬನ್ನಿ" ಅಂದ.

"ಸಾಮಾನು ತಂದು ತೋರಿಸ್ತೀಯಾ? ನಡಿ, ಅದನ್ನೂ ನೋಡೇಬಿಡಣ!" ರಾಚಪ್ಪ ಎದ್ದ. ಗುರುಮಲ್ಲ ಅವನ ಕೈ ಗಟ್ಟಿಯಾಗಿ ಹಿಡ್ಕೊಂಡು ಹೊರಟ. ತಟ್ಟಿದ ಸದ್ದು ಒಳಗೆ ಸಿದ್ದಾಜಮ್ಮನಿಗೆ ಕೇಳಿಸಿತ್ತು. ಕಣ್ಣೊರೆಸ್ಕೊಂಡು, ಕುಂಟುತ್ತಾ ಹಿಂದೇನೇ ಹೊರಟಳು.

ಹಬ್ಬದ ವ್ಯಾಪಾರ, ಶೆಟ್ಟರ ಅಂಗಡಿ ಮುಂದೆ ಏಳೆಂಟು ಜನ. ಗುರುಮಲ್ಲ ಮಾವನ್ನ ಎಲ್ಲರ ಮುಂದೆ ತಂದು ಅಕ್ಕಿಮೂಟೆ ಮೇಲೆ ಕೂರಿಸಿದ.

"ಶೆಟ್ಟರೇ, ಇದು ಬೆಳಿಗ್ಗೆ ಮನೆಗೆ ಬಂತು. ತಟ್ಟಿ ನೋಡ್ದೆ, ಬೊದ್ ಅಂತು. ಒಳಗೆ ಬಿರುಕದೆ. ವಾಪಸ್ ತಗೊಂಡು ಬೇರೆ ಮಾವ ಕೊಡಿ!"

ಶೆಟ್ಟರು ಕನ್ನಡಕ ಸರಿ ಮಾಡ್ಕೊಂಡು ರಾಚಪ್ಪನ್ನ ಮೇಲಿಂದ ಕೆಳಗೆ ನೋಡಿದ್ರು. ಮುಖದಲ್ಲಿ ನಗು ಅನ್ನೋದು ಒಂದು ಚೂರೂ ಇಲ್ಲ. "ಬೇರೆ ಮಾವ ಇಲ್ವಲ್ಲಪ್ಪ. ಖಾಲಿ."

"ಹಂಗಾರೆ ಬೆಲ್ಲ ಕೊಡಿ. ಪಾಯಸಕ್ಕೆ ಬೇಕು."

"ಎಷ್ಟು ಕೊಡ್ಲಿ?"

ಗುರುಮಲ್ಲ ಮಾವನ್ನ ಇನ್ನೊಂದು ಸಲ ನೋಡಿದ. "ಕಾಲು ಕೇಜಿ ಸಾಕು."

ಶೆಟ್ಟರು ತೂಗಿ ಕೊಟ್ರು. ಗುರುಮಲ್ಲ ಎರಡೂ ಕೈಲಿ ತಗೊಂಡು, ಎದುರಿಗೆ ಬರ್ತಿದ್ದ ತಾಯಿಗೆ "ಬೆಲ್ಲ ಸಿಕ್ತು ಕಣವ್ವ!" ಅಂತ ಕೂಗಿ ಮನೆ ಕಡೆ ನಡೆದ. ನಿಂತಿದ್ದೋರೆಲ್ಲ ಬಿದ್ದು ಬಿದ್ದು ನಕ್ರು.

ರಾಚಪ್ಪ ಕೆಂಪಗಾಗಿಬಿಟ್ಟ. "ನೋಡಿದ್ಯಾ ಸಿದ್ದಾಜು? ನೋಡಿದ್ಯಾ? ಇದಕ್ಕೇ ನಾನು ಹೇಳಿದ್ದು! ಇಂಥೋನ್ನ..."

"ಸ್ವಲ್ಪ ತಡೀರಿ ಸ್ವಾಮಿ," ಅಂದ್ರು ಶೆಟ್ಟರು ಕೈ ಎತ್ತಿ. ಕತ್ತು ಹೊರಗೆ ಚಾಚಿ ಬೀದಿ ಕಡೆಗೆ ಕೂಗಿದ್ರು: "ಗುರುಮಲ್ಲ ಹೊರಟ!"

ಸೆಲೂನಿಂದ ದೊರೆಸ್ವಾಮಿ ದನಿ ಬಂತು: "ಗುರುಮಲ್ಲ ದಾಟ್ದ!"

ಇನ್ನೊಂದು ಗಳಿಗೆಗೆ ತಿರುವಿನಿಂದ ಚೌಡಮ್ಮ: "ದಾಟ್ದ! ಮನೆಗೆ ಹೋದ!"

"ಏನ್ರೀ ಇದು?" ಅಂದ ರಾಚಪ್ಪ.

"ಹಣತೆ ಮುರಿದ ದಿವಸದಿಂದ ಹಿಂಗೇ," ಅಂದ್ರು ಶೆಟ್ಟರು, ಮುಂದಿನವರಿಗೆ ಅವಲಕ್ಕಿ ತೂಗ್ತಾ. "ತರೋದು ತಪ್ಪು ತರ್ತಾನೆ. ತಪ್ಪಿಸ್ಕೊಳ್ಳೋದು ಮಾತ್ರ ಇಲ್ಲ, ನಾವು ಬಿಡಲ್ಲ."

ಸಿದ್ದಾಜಮ್ಮನಿಗೂ ಇದು ಗೊತ್ತಿರಲಿಲ್ಲ. ಅಂಗಡಿ ಕಂಬ ಹಿಡ್ಕೊಂಡು ನಿಂತಳು, ಕಣ್ಣಲ್ಲಿ ನೀರು ಧಾರೆಯಾಗಿ ಇಳೀತು. ರಾಚಪ್ಪ ಮೂಟೆಯಿಂದ ಎದ್ದು ಬೀದಿ ಉದ್ದಕ್ಕೂ ಒಂದು ಸಲ ನೋಡಿದ. ಆಮೇಲೆ ಅಂದ:

"ಆ ಆಶ್ರಮದಲ್ಲಿ ಹಿಂಗೆ ಕೂಗೋರು ಯಾರಾದ್ರೂ ಇದಾರಾ ಅಂತ ನಾನು ಕೇಳಲಿಲ್ಲ ಕಣವ್ವ. ಇರ್ಲಿ ಬಿಡು. ಇಲ್ಲೇ ಇರ್ಲಿ."

ಅಣ್ಣ ತಂಗಿ ಮನೆಗೆ ಬಂದ್ರು. ಗುರುಮಲ್ಲನ್ನ ಎಣ್ಣೆ ಹಚ್ಚಿ ಸ್ನಾನಕ್ಕೆ ಕಳಿಸಿದಳು ಸಿದ್ದಾಜಮ್ಮ. ಬೆಲ್ಲವೆಲ್ಲ ಕುಟ್ಟಿ ಹಾಕಿ ಪಾಯಸ ಮಾಡಿದಳು, ಏಲಕ್ಕಿ ಹಾಕಿದಳು. ಅಣ್ಣನಿಗೆ ಎಲೆ ಹಾಸಿದಳು. ತಿಂಗಳಿಂದ ಅವಳ ಮನಸ್ಸು ಅಷ್ಟು ಹಗುರಾಗಿರಲಿಲ್ಲ.

ಗುರುಮಲ್ಲ ತಲೆ ಒರೆಸ್ಕೊಂಡು ಈಚೆ ಬಂದ. ಎಲೆ ಮುಂದೆ ಮಾವ ಕೂತಿರೋದು ನೋಡಿ ಗಕ್ಕನೆ ನಿಂತ.

"ಅವ್ವಾ! ಮಾವ ವಾಪಸ್ ಬಂದ್ಬುಟ್ಟವ್ರೆ!"

"ಹೂಂ ಕಣೋ, ಇನ್ನೆಲ್ಲಿಗೆ ಹೋಗ್ತಾರೆ?"

"ಹಂಗಾರೆ ಮಾವಾನೂ ನಮ್ಮ ಹತ್ರ, ಬೆಲ್ಲಾನೂ ನಮ್ಮ ಹತ್ರ! ಪಾಪ, ಶೆಟ್ಟರ ಹತ್ರ ಏನೂ ಇಲ್ವಲ್ಲವ್ವ! ಬೆಲ್ಲ ಎಲ್ಲಿ?"

"ಬೆಲ್ಲ ಎಲ್ಲಿರುತ್ತೆ, ಪಾಯಸದಲ್ಲಿ..."

ಹೇಳಬಾರದಿತ್ತು, ಹೇಳಿಬಿಟ್ಟಳು. ಗುರುಮಲ್ಲ ಒದ್ದೆ ಟವೆಲ್ಲಲ್ಲಿ ಪಾಯಸದ ಪಾತ್ರೆ ಹಿಡಿದು ಎತ್ತಿ, ಬಾಗಿಲು ದಾಟಿ, ಬೀದಿಗೆ ಇಳಿದೇಬಿಟ್ಟ.

"ಲೋ! ಬಾರೋ ಇಲ್ಲಿ! ಲೋ ಗುರುಮಲ್ಲ!"

ಯಾರು ಕೇಳ್ತಾರೆ? ತಿರುವಿನಿಂದ ಚೌಡಮ್ಮ ಕೂಗಿದ್ಲು: "ಗುರುಮಲ್ಲ ದಾಟ್ದ! ಪಾತ್ರೆ ಬಿಸಿ ಅದೆ, ದಾರಿ ಬಿಡ್ರೋ!" ಆಮೇಲೆ ಸೆಲೂನಿಂದ ದೊರೆಸ್ವಾಮಿ ಕೂಗಿದ. ಸಿದ್ದಾಜಮ್ಮ ಹೊಸ್ತಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡ್ಕೊಂಡು ನಗೋಕೆ ಶುರು ಮಾಡಿದಳು. ಒಳಗೆ ಖಾಲಿ ಎಲೆ ಮುಂದೆ ಕೂತಿದ್ದ ರಾಚಪ್ಪ ತನ್ನ ತಲೆಯನ್ನ ತಾನೇ ಒಂದು ಸಲ ಮೆಲ್ಲಗೆ ತಟ್ಟಿ ನೋಡಿಕೊಂಡ.