ಹಾಡು ನಿಲ್ಲಿಸಿದ ಒನಕೆ

"ಕೇಳಿರಪ್ಪಾ ಕೇಳಿ. ಅರಮನೆಯ ಅಮ್ಮಣ್ಣಿ ಚೆಲುವಾಜಮ್ಮ ದಿನದಿನಕ್ಕೂ ಕುಗ್ಗುತ್ತಿದ್ದಾರೆ. ಅವರನ್ನು ಹಿಡಿದಿರುವ ರಕ್ಕಸಿ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವರಿಗೆ ಕೇಳಿದ್ದು ಕೊಡುತ್ತೇವೆ. ತಪ್ಪಿದವರ ಜೀವಕ್ಕೆ ಅರಮನೆ ಹೊಣೆಯಲ್ಲ."

ಡಂಗುರದವನು ಸಾರುತ್ತಲೇ ಕಣ್ಣೊರೆಸಿಕೊಂಡ. ಒರೆಸಿಕೊಳ್ಳದೆ ಏನು? ಹುಟ್ಟಿದಾಗಿನಿಂದ ನೆಲಕ್ಕೆ ಕಾಲು ತಾಗಿಸದೆ ಸಾಕಿದ ಹುಡುಗಿ ಅದು. ಎದ್ದರೆ ಪಲ್ಲಕ್ಕಿ, ಬೆವರಿದರೆ ಬೀಸಣಿಗೆ. ಅರಮನೆಯವರಿಗೆ ಅದೇ ದೊಡ್ಡ ಮುದ್ದು. ಈಗ ತುಂಬು ಹರೆಯದಲ್ಲಿ ತೊಟ್ಟಿಲಿಗೆ ಹಿಡಿಸುವಷ್ಟಾಗಿದ್ದಳು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರು ಸುಮ್ಮನೆ ಹೇಳಿದರೇ?

ರಕ್ಕಸಿ ಬರುತ್ತಿದ್ದದ್ದು ನಡುಮಧ್ಯಾಹ್ನ, ಎಲ್ಲರ ನೆರಳೂ ಕಾಲಡಿ ಸೇರಿದ ಹೊತ್ತಿಗೆ. ಅವಳ ನೆರಳು ಮಾತ್ರ ಅಂಗಳ ದಾಟಿ ತೊಟ್ಟಿಲ ಮೇಲೆ ಬಿದ್ದಿರುತ್ತಿತ್ತು.

ಮೊದಲು ಬಂದವನು ಅಮ್ಮಣ್ಣಿಯನ್ನು ಮದುವೆಯಾಗುವ ಆಸೆಯ ರಾಜಕುಮಾರ.

"ಹಣೆಯ ಹಿಂದೆ ಒಬ್ಬ ನೆಂಟ," ಎಂದಳು ರಕ್ಕಸಿ. "ಮೆಲ್ಲಗೆ ತಟ್ಟಿದರೆ ಚಿಟಿಕೆಯಷ್ಟು ಕೊಡುತ್ತಾನೆ, ಜೋರಾಗಿ ತಟ್ಟಿದರೆ ಬೊಗಸೆ ತುಂಬಾ. ಯಾರವನು?"

"ಜ್ಞಾಪಕ," ಎಂದ ರಾಜಕುಮಾರ. ಪಾದದಿಂದ ಮೇಲಕ್ಕೆ ಕಲ್ಲಾಗುತ್ತಾ ಹೋದ. ಕಣ್ಣು ಮಾತ್ರ ಒದ್ದೆಯಾಗಿ ಉಳಿದವು. ಆಮೇಲೆ ಬಂದ ಪೈಲ್ವಾನ "ಕನಸು" ಅಂದ. ಅವನಿಗೂ ಅದೇ ಗತಿ.

ಆಗ ಬಂದವಳು ಹೊನ್ನಾಯಿ, ಅರಮನೆಯಲ್ಲಿ ಭತ್ತ ಕುಟ್ಟುವವಳು. ಇವಳ ತಾಯಿಯ ಹಾಲು ಕುಡಿದೇ ಅಮ್ಮಣ್ಣಿ ಬೆಳೆದದ್ದು. ತಂಗಿ ತೊಟ್ಟಿಲಲ್ಲಿ ಕರಗುತ್ತಿದ್ದರೆ ಯಾವ ಅಕ್ಕ ಸುಮ್ಮನಿರುತ್ತಾಳೆ?

"ಅಜ್ಜಿ, ಉತ್ತರ ಗೊತ್ತಿಲ್ಲ," ಎಂದಳು ರಕ್ಕಸಿಗೆ, ಮುಖ ನೋಡಲು ಹೆದರಿ ತಲೆ ತಗ್ಗಿಸಿಯೇ. "ಕೈ ಆಡದೆ ನನಗೆ ಯೋಚನೆ ಓಡಲ್ಲ. ಒಂದು ಒರಳು ಭತ್ತ ಕುಟ್ಟೋಕೆ ಬಿಡು."

"ಕುಟ್ಟು ಮಗಳೇ. ಕಲ್ಲಾಗೋಕೆ ಏನವಸರ?"

ಕುಟ್ಟುವವರು ಹಾಡುತ್ತಾ ನಿಧಾನವಾಗಿ ಶುರು ಮಾಡುತ್ತಾರೆ. ಹಾಡು ಬಾಯಲ್ಲಿರುವವರೆಗೂ ಕೈಗಿನ್ನೂ ನಿದ್ದೆ ಅನ್ನುವುದು ಅವರ ಮಾತು. ಹೊನ್ನಾಯಿ ಹಾಡಿದಳು. ರಕ್ಕಸಿಯೂ ಜೊತೆಗೆ ಗುನುಗಿದಳು, ಥೇಟ್ ಅಮ್ಮಣ್ಣಿಯ ದನಿಯಲ್ಲಿ. ಹೆದರಿಕೆಗೆ ಹೊನ್ನಾಯಿಯ ಒನಕೆಯ ಪೆಟ್ಟು ಜೋರಾಯಿತು. ಬೆವರು ಇಳಿಯಿತು, ಹಾಡು ತುಂಡಾಯಿತು, ಕೊನೆಗೆ ಬರೀ ಉಸಿರು. ಗುನುಗು ನಿಂತಿತು. ನೆರಳು ತೊಟ್ಟಿಲಿಂದ ಗೇಣುದ್ದ ಹಿಂದೆ ಸರಿದಿತ್ತು.

ಬೇಕೆಂದೇ ಪೆಟ್ಟು ನಿಧಾನಿಸಿದಳು. ನೆರಳು ಮುಂದೆ ಬಂತು. ಜೋರು ಮಾಡಿದಳು. ಮತ್ತೆ ಹಿಂದೆ.

"ನೆಂಟ ಸಿಕ್ಕಿದ," ಎಂದಳು ಏದುತ್ತಾ. "ಅಮ್ಮ ಹೇಳ್ತಿದ್ದ ಮೈ ಬೆಳೆಸೋ ರಸ, ಸವೆದದ್ದನ್ನು ಕಟ್ಟೋ ರಸ. ತಲೆಯೊಳಗಿಂದ ಇಳಿದು ಬರುತ್ತೆ. ದುಡಿತವೇ ಅವನನ್ನು ತಟ್ಟೋದು, ಹೆಣ್ಣು ಅದನ್ನು ಜೋರು ಮಾಡಿದಷ್ಟೂ ಹೆಚ್ಚು ಬರುತ್ತೆ."

ರಕ್ಕಸಿ ಎರಡನೇ ಒಗಟು ಹಾಕಿದಳು. "ಹಾಡುತ್ತಾ ಕರೆದರೆ ಅವನು ಬಾಗಿಲನ್ನು ಓರೆ ಮಾಡುತ್ತಾನೆ ಅಷ್ಟೇ. ಹಾಡು ನಿಲ್ಲಿಸುವವಳು ಬಂದರೆ ಪೂರ್ತಿ ತೆರೆಯುತ್ತಾನೆ. ಯಾರವಳು?"

"ಏದುಸಿರು. ಈಗ ನನ್ನ ಎದೆಯಲ್ಲಿದ್ದಾಳೆ, ಕೇಳಿಸಲ್ವಾ?"

ರಕ್ಕಸಿ ಹತ್ತಿರ ಬಂದು ಮೂರನೆಯದನ್ನು ಪಿಸುಗುಟ್ಟಿದಳು. "ಅವನನ್ನು ಕರೆಯದ ಮನೆಯಲ್ಲಿ ಅವನ ಪಾಲು ಉಣ್ಣುವವಳು ಯಾರು?"

ಹೊನ್ನಾಯಿ ಮೊದಲ ಸಲ ತಲೆಯೆತ್ತಿ ಆ ಮುಖ ನೋಡಿದಳು. ಅಮ್ಮಣ್ಣಿಯದೇ ಮುಖ, ಅದೇ ಮೂಗುತಿ. ಹೆದರಿಕೆ ಹೋಗಿ ಅಳು ಬಂತು.

"ನೀನೇ. ನೀನು ಹೊರಗಿಂದ ಬಂದವಳಲ್ಲ. ನನ್ನ ತಂಗಿಗೆ ಈ ಅರಮನೆಯವರು ಪಡೋಕೆ ಬಿಡದ ದಣಿವು ನೀನು."

ನೆರಳು ಸುರುಳಿ ಸುತ್ತಿಕೊಂಡು ತೊಟ್ಟಿಲ ಕೆಳಗೆ ಸೇರಿತು. ರಕ್ಕಸಿ ಇಲ್ಲ. ಕಲ್ಲಾದವರು ಕೆಮ್ಮುತ್ತಾ ಎದ್ದರು.

"ಏನು ಬೇಕು ಕೇಳು," ಎಂದ ರಾಜ.

"ಪಲ್ಲಕ್ಕಿ ಸುಡಿಸಿ ಬುದ್ಧಿ. ತಂಗಿ ನನ್ನ ಜೊತೆ ಕುಟ್ಟಲಿ."

"ನನ್ನ ಮಗಳು ಒನಕೆ ಹಿಡಿಯುವುದೇ?"

ತೊಟ್ಟಿಲ ಕೆಳಗೆ ಏನೋ ಗುನುಗಿತು. ರಾಜ ತಾನೇ ಹೋಗಿ ಪಲ್ಲಕ್ಕಿಗೆ ಬೆಂಕಿಯಿಟ್ಟ.

ಮೊದಲು ಸೌಟು ಗಾತ್ರದ ಒನಕೆ, ಆಮೇಲೆ ಮೊಳದುದ್ದದ್ದು. ಅಮ್ಮಣ್ಣಿ ಕುಟ್ಟಿದಳು, ಏದಿದಳು, ಉಂಡಳು, ಮಲಗಿದಳು, ಬೆಳೆದಳು. ಅಕ್ಕನ ಭುಜಕ್ಕೆ ಭುಜ ತಾಗಿದ ದಿನ ಇಬ್ಬರೂ ನಕ್ಕು ಸುಸ್ತಾದರು.

ಆ ಅರಮನೆಯ ಒರಳಿನ ಮನೆಯಲ್ಲಿ ಹಾಡು ನಿಂತರೆ ಯಾರಿಗೂ ಭಯವಿಲ್ಲ. ನಿಲ್ಲದೆ ಹೋದರೆ ಮಾತ್ರ ಒಬ್ಬರು ಬಗ್ಗಿ ತೊಟ್ಟಿಲ ಕೆಳಗೆ ನೋಡುತ್ತಾರೆ.