ಜಡೆಯಲ್ಲಿ ಅಡುಗೆಯವನೆಲ್ಲಿ?

“ಗುರುಗಳೇ, ಸಮಮಿತಿ ಎಂದರೇನು?” ಎಂದು ಸಿದ್ದರಾಜು ಕೇಳಿದ. “ಅಮ್ಮ ರಂಗೋಲಿ ಹಾಕಿ, ಎರಡೂ ಕಡೆ ಸಮ ಬಂತು ಎಂದು ಹಿಗ್ಗುತ್ತಾಳೆ. ಗಣಿತದವರು ಆಕೃತಿಯನ್ನು ತಿರುಗಿಸಿ, ಮೊದಲಿನಂತೆಯೇ ಕಾಣುತ್ತದೆಯೇ ನೋಡು ಎನ್ನುತ್ತಾರೆ. ವಿಜ್ಞಾನದವರು, ಪ್ರಕೃತಿಯ ನಿಯಮ ಈ ಊರಿಗೂ ಆ ಊರಿಗೂ, ಇಂದಿಗೂ ನಾಳೆಗೂ ಒಂದೇ ಎನ್ನುತ್ತಾರೆ. ಮೂವರೂ ಅದಕ್ಕೆ ಸಮಮಿತಿ ಎಂದೇ ಹೆಸರಿಡುತ್ತಾರೆ. ನನ್ನ ತಲೆ ಕೆಟ್ಟುಹೋಗಿದೆ.”

“ಕೆಡಲಿ ಬಿಡು, ರಿಪೇರಿ ಮಾಡೋಣ,” ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕೋಲಾಟದ ಮೇಷ್ಟ್ರು ಇದ್ದ. ಅವನ ಮೇಳದ ಜಡೆ ಕೋಲಾಟ ಸುತ್ತಲಿನ ಊರುಗಳಲ್ಲೆಲ್ಲ ಹೆಸರು ಮಾಡಿತ್ತು. ಆ ಆಟದಲ್ಲಿ ಎತ್ತರದ ಕಂಬದ ತುದಿಗೆ ಹಗ್ಗಗಳನ್ನು ಕಟ್ಟುತ್ತಾರೆ. ಒಬ್ಬೊಬ್ಬ ಆಟಗಾರನ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಕೋಲು. ಅರ್ಧ ಜನ ಕಂಬವನ್ನು ಬಲಕ್ಕೆ ಸುತ್ತುತ್ತಾರೆ, ಅರ್ಧ ಜನ ಎಡಕ್ಕೆ. ಎದುರು ಬಂದವನ ಕೋಲಿಗೆ ಕೋಲು ತಟ್ಟಿ ಅವನನ್ನು ಒಳಗಿನಿಂದ ದಾಟಬೇಕು, ಅವನ ಹಿಂದಿನವನನ್ನು ಹೊರಗಿನಿಂದ ದಾಟಬೇಕು. ಹೀಗೆ ಸುತ್ತುತ್ತಾ ಹೋದರೆ ಕಂಬದ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಅದೇ ಹೆಜ್ಜೆಗಳನ್ನು ಹಿಮ್ಮುಖವಾಗಿ ಹಾಕಿದರೆ ಬಿಚ್ಚಿಕೊಳ್ಳುತ್ತದೆ.

ಮೇಷ್ಟ್ರು ಆಟಗಾರರನ್ನು ಅಳೆದು ತೂಗಿ ಆರಿಸಿದ್ದ. ಎಲ್ಲರೂ ಒಂದೇ ಎತ್ತರ, ಒಂದೇ ಮೈಕಟ್ಟು. ಒಬ್ಬನಿಗೆ ಮೀಸೆ ತೆಳುವಾಗಿ ಬಂದಿತ್ತೆಂದು ಕಾಡಿಗೆ ತೀಡಿ ಸರಿಮಾಡಿದ್ದ. ಸಮ ಎಂದರೆ ಇದು ಎಂದು ಬೀಗುತ್ತಿದ್ದ.

ಮೇಳಕ್ಕೆ ಅನ್ನ ಬೇಯಿಸಿ ಹಾಕುವ ಒಬ್ಬ ಅಡುಗೆಯವನಿದ್ದ. ಆಳು ಭಾರಿ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು. ಅಭ್ಯಾಸ ನೋಡಿ ನೋಡಿ ಎಲ್ಲ ಹೆಜ್ಜೆಗಳೂ ಅವನ ಕಾಲಿಗೆ ಹತ್ತಿದ್ದವು. ಒಲೆಯ ಮುಂದೆ ಸೌಟಿಗೆ ಸೌಟು ತಟ್ಟಿಕೊಂಡು ಒಬ್ಬನೇ ಕುಣಿಯುತ್ತಿದ್ದ, ಅತ್ತ ಸಾರು ಉಕ್ಕಿ ಒಲೆ ಆರುತ್ತಿತ್ತು. ಒಮ್ಮೆಯಾದರೂ ಆ ಸುತ್ತಿನೊಳಗೆ ಸೇರಬೇಕೆಂದು ಅವನಿಗೆ ಪ್ರಾಣ ಹೋಗುವಷ್ಟು ಆಸೆ. ಕೇಳಲು ಮಾತ್ರ ನಾಚಿಕೆ.

ನೆರೆಯೂರಿನಲ್ಲಿ ಆಟವಿದ್ದ ದಿನ ಬೆಳಿಗ್ಗೆ ಒಬ್ಬ ಆಟಗಾರನ ಕಾಲು ಉಳುಕಿತು. ಒಬ್ಬ ಕಡಿಮೆಯಾದರೂ ಜೋಡಿ ತಪ್ಪುತ್ತದೆ, ಜಡೆ ಕೂಡುವುದಿಲ್ಲ. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತ. ಅಡುಗೆಯವ ಧೈರ್ಯ ಮಾಡಿ ಹತ್ತಿರ ಬಂದ.

“ಮೇಷ್ಟ್ರೇ, ನಾನ್ ಬರ್ಲಾ?”

“ನೀನಾ? ನೀನ್ ಬಂದ್ರೆ ನಮ್ ಸುತ್ತಿಗೇ ಹೊಟ್ಟೆ ಬಂದಂಗಾಯ್ತದೆ ಕಣಯ್ಯ!”

ಎಲ್ಲರೂ ನಕ್ಕರು. ಅಡುಗೆಯವನಿಗೆ ನೋವಾಯಿತು, ಆದರೂ ನಕ್ಕ. ಬೇರೆ ದಾರಿಯಿಲ್ಲದೆ ಮೇಷ್ಟ್ರು ಕೊನೆಗೆ ಒಪ್ಪಿದ, ಆದರೆ ಒಂದು ಉಪಾಯ ಹೂಡಿದ. ಜನ ಕೂರುವುದು ಒಂದೇ ಕಡೆ. ಇವನು ಕಂಬದ ಹಿಂದೆ ನಿಂತಲ್ಲೇ ಕುಣಿಯಲಿ, ಉಳಿದವರು ಸುತ್ತಲಿ. ಅಷ್ಟು ದೊಡ್ಡ ಹೊಟ್ಟೆಯನ್ನು ಅಷ್ಟು ಸಣ್ಣ ಕಂಬ ಹೇಗೆ ಮರೆಮಾಡುತ್ತದೆ ಎಂದು ಅವನು ಯೋಚಿಸಲಿಲ್ಲ.

ಒಮ್ಮೆ ಆಡಿ ನೋಡಿದರು. ನಿಂತವನ ಹಗ್ಗಕ್ಕೆ ಸುತ್ತುವವರ ಹಗ್ಗಗಳೆಲ್ಲ ತೊಡರಿಕೊಂಡವು. ಮೇಲೆ ಆದದ್ದು ಜಡೆಯಲ್ಲ, ಕಾಗೆ ಗೂಡು. ಎಳೆದಾಡಿ ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯಾಯಿತು. ಮೇಷ್ಟ್ರು ಅಡುಗೆಯವನನ್ನು ಬಾಯಿಗೆ ಬಂದಂತೆ ಬೈದ. ಬೈಯುತ್ತಲೇ ಏಣಿ ಹತ್ತಿ ಗಂಟು ಬಿಡಿಸಲು ಕೂತ. ಬಿಡಿಸುತ್ತಾ ಬಿಡಿಸುತ್ತಾ ಅವನಿಗೆ ಹೊಳೆಯಿತು. ಅಡುಗೆಯವನ ಹೆಜ್ಜೆ ಒಂದೂ ತಪ್ಪಿರಲಿಲ್ಲ. ಒಬ್ಬನಿಗೆ ಮಾತ್ರ ಬೇರೆ ನಿಯಮ ಮಾಡಿದ್ದು ತಾನೇ. ಮೇಷ್ಟ್ರಿಗೆ ಬಹಳ ನಾಚಿಕೆಯಾಯಿತು.

ಏಣಿಯಿಂದ ಇಳಿದು, “ನೀನೂ ಎಲ್ರಂಗೆ ಸುತ್ತು ಹೋಗಪ್ಪ,” ಎಂದ.

ಸಂಜೆ ಆಟ ಶುರುವಾಯಿತು. ಅಡುಗೆಯವನ ಹೊಟ್ಟೆ ಕಂಬದ ಮುಂದೆ ಬಂದಾಗ ಜನ ಒಬ್ಬರಿಗೊಬ್ಬರು ತೋರಿಸಿ ನಕ್ಕರು. ಅವನು ಹಿಂದೆ ಹೋದ, ಮತ್ತೊಬ್ಬ ಮುಂದೆ ಬಂದ. ಅವನೂ ಹೋದ, ಇವನು ತಿರುಗಿ ಬಂದ. ತಾಳ ಏರಿತು. ಯಾರು ಬಂದರು ಯಾರು ಹೋದರು ಎಂದು ನೋಡುವುದನ್ನು ಜನ ಮರೆತರು. ನಗು ಯಾವಾಗ ಚಪ್ಪಾಳೆಯಾಯಿತೋ ಅವರಿಗೇ ಗೊತ್ತಾಗಲಿಲ್ಲ.

ಮೇಷ್ಟ್ರು ತಲೆಯೆತ್ತಿ ನೋಡಿದ. ಬಲಕ್ಕೆ ಸುತ್ತುವವರ ಕೆಂಪು ಹಗ್ಗ, ಎಡಕ್ಕೆ ಸುತ್ತುವವರ ಬಿಳಿ ಹಗ್ಗ, ಕಂಬದ ಮೇಲೆ ಅಚ್ಚುಕಟ್ಟಾದ ಜಡೆ. ಕೆಂಪು ಎಳೆಗಳಲ್ಲಿ ಅಡುಗೆಯವನದು ಯಾವುದು? ಕಣ್ಣು ಕಿರಿದು ಮಾಡಿ ಹುಡುಕಿದ, ಕೊರಳು ನೋಯುವವರೆಗೂ ಹುಡುಕಿದ. ಸಿಗಲಿಲ್ಲ. ಸಿಗಲಿಲ್ಲವೆಂದು ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಆಟ ಮುಗಿದದ್ದೇ ತಡ, ಓಡಿಹೋಗಿ ಅಡುಗೆಯವನನ್ನು ತಬ್ಬಿಕೊಂಡ. ತೋಳು ಅರ್ಧಕ್ಕೇ ನಿಂತವು.

ಕೆಲವು ದಿನಗಳಲ್ಲಿ ಆ ಆಟಗಾರನ ಉಳುಕಿದ ಕಾಲು ವಾಸಿಯಾಯಿತು. ಆದರೂ ಅಡುಗೆಯವನನ್ನು ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಎಲ್ಲರೂ ಸರದಿಯಂತೆ ಕುಣಿದರು, ಸರದಿಯಂತೆ ಅಡುಗೆ ಮಾಡಿದರು. ಯಾರು ಸೇರಿದರೂ ಜಡೆ ಅದೇ ಜಡೆ. ಸಾರು ಮಾತ್ರ ಅಡುಗೆಯವನ ಸರದಿಯಲ್ಲಿ ಬಿಟ್ಟರೆ ಬಾಯಿಗಿಡುವಂತಿರಲಿಲ್ಲ. ಅದರಲ್ಲಿ ಸಮಮಿತಿ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಿದ್ದರಾಜು ಹಿಗ್ಗಿನಿಂದ ಎದ್ದೇ ನಿಂತ.

“ತಿಳಿಯಿತು ಗುರುಗಳೇ! ಎಲ್ಲವೂ ಒಂದೇ ತರಹ ಇರಬೇಕಿಲ್ಲ. ಒಂದನ್ನು ಬದಲಿಸಿದರೂ ಇನ್ನೊಂದು ಬದಲಾಗದೆ ಉಳಿಯಬೇಕು. ಅಮ್ಮ ಎಡಬಲ ಬದಲಿಸುತ್ತಾಳೆ, ಗಣಿತದವರು ದಿಕ್ಕು ಬದಲಿಸುತ್ತಾರೆ, ವಿಜ್ಞಾನದವರು ಊರು, ಕಾಲ ಬದಲಿಸುತ್ತಾರೆ. ಮೂವರೂ ಹುಡುಕುವುದು ಕೆಡದ ಜಡೆಯನ್ನೇ. ಇಷ್ಟು ಸುಲಭವೇ!”

ಗುರುಗಳು ತಮ್ಮ ಮಣೆಯಿಂದ ಎದ್ದು, ಅದನ್ನು ಅವನ ಕಡೆಗೆ ಸರಿಸಿ, ತಾವು ಅವನು ಕೂತಿದ್ದ ಜಾಗದಲ್ಲಿ ನೆಲದ ಮೇಲೆ ಕೂತು ಕೈಮುಗಿದರು.

“ಗುರುಗಳೇ, ಸಮಮಿತಿ ಎಂದರೇನು?”